ಇಲ್ಲದ ಕಾಡನ್ನು ಅರಿಯುವ ಬಗೆ

ನೆಲದ ಮೇಲೆ ಗಡಿಗೆಯಿದೆ ಎಂದು ತಿಳಿಯಲು ಕಣ್ಣು ಸಾಕು. ಗಡಿಗೆಯಿಲ್ಲ ಎಂದು ತಿಳಿಯುವುದು ಯಾವುದರಿಂದ ಎಂಬ ಪ್ರಶ್ನೆಯನ್ನು ಹಿಡಿದು ಭಾರತೀಯ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದ್ದಾರೆ. ಕುಮಾರಿಲ ಭಟ್ಟನನ್ನು ಅನುಸರಿಸಿದ ಮೀಮಾಂಸಕರು ಇದಕ್ಕಾಗಿಯೇ ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬ ಆರನೆಯ ಪ್ರಮಾಣವನ್ನು (ಅರಿವಿನ ಸಾಧನವನ್ನು) ಒಪ್ಪಿದರು. ಪ್ರಭಾಕರನ ಪಕ್ಷದವರು ಇಲ್ಲದಿರುವಿಕೆ ಎಂಬ ಬೇರೊಂದು ವಸ್ತುವೇ ಇಲ್ಲ, ಕಾಣುತ್ತಿರುವುದು ಬರಿಯ ನೆಲವಷ್ಟೇ ಎಂದರು. ನ್ಯಾಯ-ವೈಶೇಷಿಕರಾದರೋ ಅಭಾವವನ್ನು ದ್ರವ್ಯ, ಗುಣ, ಕರ್ಮಗಳ ಸಾಲಿನಲ್ಲಿಯೇ ಏಳನೆಯ ಪದಾರ್ಥವೆಂದು ಎಣಿಸಿ, ಪ್ರತಿಯೊಂದು ಅಭಾವಕ್ಕೂ ಒಂದು ಪ್ರತಿಯೋಗಿ ಇರಲೇಬೇಕು, ಅಂದರೆ ಯಾವುದರ ಅಭಾವವೋ ಆ ವಸ್ತುವಿನ ಅರಿವು ಮೊದಲೇ ಇರಬೇಕು ಎಂದು ವಿಧಿಸಿದರು. ಗಡಿಗೆಯನ್ನು ಎಂದೂ ಕಂಡರಿಯದವನು ಗಡಿಗೆಯಿಲ್ಲದ ನೆಲವನ್ನು ನೋಡಬಲ್ಲನೇ ಹೊರತು ಗಡಿಗೆಯ ಇಲ್ಲದಿರುವಿಕೆಯನ್ನು ಅರಿಯಲಾರ. ಕೂದಲು ಸೀಳುವ ಪಾಂಡಿತ್ಯವೆಂದು ಬದಿಗೆ ಸರಿಸಲಾದ ಈ ವಾದವು ಹಾಳಾದ ಕಾಡನ್ನು ಮತ್ತೆ ಎಬ್ಬಿಸುವ ಇಂದಿನ ಪ್ರಯತ್ನಗಳ ನಡುಮಧ್ಯದಲ್ಲಿ ಜೀವಂತವಾಗಿದೆ. ಅಲ್ಲಿ ನಡೆಯುವ ತಪ್ಪುಗಳಲ್ಲಿ ಹೆಚ್ಚಿನವು ಅಭಾವವನ್ನು ತಪ್ಪಾಗಿ ಅರಿತದ್ದರಿಂದಲೇ ಹುಟ್ಟುತ್ತವೆ.

ಹಾಳಾದ, ಕುಂದಿದ ಅಥವಾ ಪೂರ್ತಿ ನಾಶವಾದ ಸಸ್ಯ-ಪ್ರಾಣಿ ಸಮುದಾಯವು ಚೇತರಿಸಿಕೊಳ್ಳಲು ನೆರವಾಗುವ ಕ್ರಿಯೆಗೆ ಪರಿಸರ ಪುನಃಸ್ಥಾಪನೆ ಎಂಬ ಹೆಸರಿದೆ. 1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹುಟ್ಟಿದ ಪರಿಸರ ಪುನಃಸ್ಥಾಪನಾ ಸಂಘವು ಈ ಕ್ರಿಯೆಗೆ ಅಂತಾರಾಷ್ಟ್ರೀಯ ಮಾನದಂಡಗಳನ್ನು 2016ರಲ್ಲಿ ಮೊದಲ ಬಾರಿಗೆ, 2019ರಲ್ಲಿ ಪರಿಷ್ಕರಿಸಿ ಎರಡನೆಯ ಬಾರಿಗೆ ಪ್ರಕಟಿಸಿತು. ಆಸ್ಟ್ರೇಲಿಯ ತನ್ನದೇ ರಾಷ್ಟ್ರೀಯ ಮಾನದಂಡವನ್ನು 2016ರಲ್ಲಿಯೇ ಹೊರತಂದಿತು. ಇವೆಲ್ಲದರ ನಡುಗಂಬ ‘ಮಾದರಿ ಪರಿಸರವ್ಯವಸ್ಥೆ’ ಎಂಬ ಪರಿಕಲ್ಪನೆ. ಒಂದು ತಾಣವು ಕೆಡದೆ ಇದ್ದಿದ್ದರೆ ಇಂದು ಯಾವ ಸ್ಥಿತಿಯಲ್ಲಿ ಇರುತ್ತಿತ್ತೋ ಅದರ ಒಂದು ಅಂದಾಜು ಚಿತ್ರವನ್ನು ಸುತ್ತಮುತ್ತ ಉಳಿದಿರುವ ಹಲವು ಒಳ್ಳೆಯ ತುಣುಕುಗಳಿಂದಲೂ ಹಳೆಯ ದಾಖಲೆಗಳಿಂದಲೂ ಮಣ್ಣಿನ ಸುಳಿವುಗಳಿಂದಲೂ ಕಟ್ಟಿಕೊಳ್ಳಬೇಕು, ಕೆಲಸದ ಗುರಿಯನ್ನೂ ಅಳತೆಯನ್ನೂ ಅದರಿಂದಲೇ ಪಡೆಯಬೇಕು ಎಂಬುದು ಇದರ ಸಾರ. ಅಳೆಯುವುದಕ್ಕೆ ಆರು ಲಕ್ಷಣಗಳನ್ನು ಹೇಳಲಾಗಿದೆ: ಕೇಡಿನ ಕಾರಣಗಳು ನಿಂತಿರುವುದು, ಮಣ್ಣು-ನೀರುಗಳ ಭೌತಿಕ ಸ್ಥಿತಿ, ಜೀವಜಾತಿಗಳ ಕೂಟ, ಮರ-ಪೊದೆ-ಬಳ್ಳಿಗಳ ಅಂತಸ್ತಿನ ರಚನೆ, ಕೊಳೆಯುವಿಕೆ-ಪರಾಗಸ್ಪರ್ಶದಂಥ ಒಳಗಿನ ವ್ಯಾಪಾರಗಳು, ಹೊರಗಿನ ನೆಲದೊಂದಿಗಿನ ಕೊಡುಕೊಳ್ಳುವಿಕೆ. ಒಂದೊಂದು ಲಕ್ಷಣಕ್ಕೂ ಒಂದರಿಂದ ಐದು ನಕ್ಷತ್ರಗಳವರೆಗೆ ಅಂಕ ಸಲ್ಲುತ್ತದೆ.

ಈ ಮಾದರಿಯು ನೈಯಾಯಿಕರು ಹೇಳಿದ ಪ್ರತಿಯೋಗಿಯಲ್ಲದೆ ಬೇರೇನೂ ಅಲ್ಲ. ಕೆಟ್ಟ ಕಾಡಿನಲ್ಲಿ ಏನಿಲ್ಲ ಎಂಬುದನ್ನು ಆ ಕಾಡೇ ಹೇಳಲಾರದು; ಕೆಡದ ಕಾಡನ್ನು ಅರಿತ ಬುದ್ಧಿ ಮಾತ್ರ ಅದನ್ನು ಗುರುತಿಸುತ್ತದೆ. ಮೀಮಾಂಸಕರು ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಸೇರಿಸಿದ್ದರು. ಕಾಣದಿರುವುದೆಲ್ಲ ಇಲ್ಲದಿರುವುದಲ್ಲ, ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದಿದ್ದಾಗ ಮಾತ್ರ ಅದು ಇಲ್ಲವೆಂಬ ಜ್ಞಾನ ಹುಟ್ಟುತ್ತದೆ. ಇದಕ್ಕೆ ಯೋಗ್ಯಾನುಪಲಬ್ಧಿ ಎಂದು ಹೆಸರು. ಮೀನುಗಾರಿಕೆಯ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲಿ ಗುರುತಿಸಿದ ದೋಷವೊಂದು ಈ ಸೂಕ್ಷ್ಮದಿಂದ ಹೆಚ್ಚು ನಿಚ್ಚಳವಾಗುತ್ತದೆ. ಪ್ರತಿ ತಲೆಮಾರಿನವರೂ ತಾವು ಕಣ್ಣು ಬಿಟ್ಟಾಗ ಕಂಡ ಕಡಲನ್ನೇ ಸಹಜವೆಂದು ಹಿಡಿದು ಅಲ್ಲಿಂದ ಮುಂದಿನ ನಷ್ಟವನ್ನಷ್ಟೇ ಲೆಕ್ಕಿಸುವುದರಿಂದ, ಹಿಂದಿನ ನಷ್ಟವು ಲೆಕ್ಕದಿಂದಲೇ ಜಾರಿಹೋಗುತ್ತದೆ ಎಂದು ಅವರು ತೋರಿಸಿದರು. ದರ್ಶನದ ಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ನಾಶವಾಗುವುದು ವಸ್ತು ಮಾತ್ರವಲ್ಲ, ಆ ವಸ್ತುವಿನ ಅಭಾವವನ್ನು ಅರಿಯುವ ಯೋಗ್ಯತೆಯೂ ಹೌದು. ಮಂಗಟ್ಟೆ ಹಕ್ಕಿಯ ರೆಕ್ಕೆಯ ಬಿರುಸಾದ ಸದ್ದನ್ನು ಕೇಳಿಯೇ ಇಲ್ಲದವನಿಗೆ ಸದ್ದಿಲ್ಲದ ಕಾಡು ಶಾಂತವಾಗಿ ತೋರುತ್ತದೆ; ಕೇಳಿದ್ದವನಿಗೆ ಅದೇ ಕಾಡು ಬರಿದಾಗಿ ತೋರುತ್ತದೆ. ಇಬ್ಬರ ಕಿವಿಗೆ ಬಿದ್ದದ್ದೂ ಒಂದೇ ಮೌನ.

ಉತ್ತರ ಕನ್ನಡದ ಜನ ಈ ಪ್ರತಿಯೋಗಿಯನ್ನು ಹೆಸರಿನಲ್ಲಿಯೇ ಬಚ್ಚಿಟ್ಟುಕೊಂಡಿದ್ದಾರೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು, ಹೊನ್ನಾವರದ ಬಳಿಯ ಕರಿಕಾನ, ಈ ಎರಡು ಹೆಸರುಗಳೂ ಕಾಡಿನ ಮರವನ್ನಾಗಲಿ ಮೃಗವನ್ನಾಗಲಿ ಹೇಳುವುದಿಲ್ಲ, ಕತ್ತಲನ್ನು ಹೇಳುತ್ತವೆ. ನಿತ್ಯಹಸಿರಿನ ಮರಗಳ ನೆತ್ತಿ ಒಂದಕ್ಕೊಂದು ಹೆಣೆದುಕೊಂಡು ಮಧ್ಯಾಹ್ನದ ಬಿಸಿಲೂ ನೆಲ ಮುಟ್ಟದ ಸ್ಥಿತಿಗೆ ಕಾನು ಎಂಬ ಮಾತು ಸಲ್ಲುತ್ತದೆ. ಅದು ರಚನೆಯೆಂಬ ಲಕ್ಷಣಕ್ಕೆ ಊರವರು ಇಟ್ಟ ಅಳತೆಗೋಲು. ಬೆಳಕು ನುಗ್ಗುವ ಜಾಗಕ್ಕೆ ಇಂದೂ ಅದೇ ಹೆಸರಿದ್ದರೆ, ಆ ಹೆಸರೇ ಅಲ್ಲಿ ಏನು ಕಳೆದಿದೆ ಎಂಬುದಕ್ಕೆ ಸಾಕ್ಷಿ ನುಡಿಯುತ್ತದೆ.

ನ್ಯಾಯ-ವೈಶೇಷಿಕರು ಅಭಾವವನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ಹುಟ್ಟುವ ಮೊದಲಿನ ಇಲ್ಲದಿರುವಿಕೆ ಪ್ರಾಗಭಾವ. ನಾಶವಾದ ಮೇಲಿನದು ಪ್ರಧ್ವಂಸಾಭಾವ. ಮೂರು ಕಾಲದಲ್ಲಿಯೂ ಇಲ್ಲದಿರುವುದು ಅತ್ಯಂತಾಭಾವ. ಇದು ಅದಲ್ಲ ಎಂಬ ಭೇದವು ಅನ್ಯೋನ್ಯಾಭಾವ. ಬರಿಗಣ್ಣಿಗೆ ಇವುಗಳಲ್ಲಿ ಮೊದಲ ಮೂರೂ ಒಂದೇ ಥರ ಕಾಣುತ್ತವೆ. ಮರವಿಲ್ಲದ ನೆಲವನ್ನು ಕಂಡಾಗ ಮರ ಕಡಿದುಹೋಗಿದೆಯೋ, ಇನ್ನೂ ಹುಟ್ಟಿಲ್ಲವೋ, ಆ ನೆಲಕ್ಕೆ ಮರವೆಂಬುದೇ ಸಲ್ಲದೋ ಎಂಬುದನ್ನು ನೋಟ ತಿಳಿಸುವುದಿಲ್ಲ. ಈ ಭೇದವನ್ನು ಮರೆತದ್ದರ ಫಲ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಕಾಣುತ್ತದೆ. ಮಳೆ ಕಡಿಮೆಯ ಆ ಸೀಮೆಯ ಹುಲ್ಲುಗಾವಲು ಮತ್ತು ಕುರುಚಲು ಮುಳ್ಳುಗಿಡಗಳ ಬಯಲು ಕೃಷ್ಣಮೃಗಕ್ಕೂ ತೋಳಕ್ಕೂ ಹಿಂದೊಮ್ಮೆ ಎರೆಭೂತ ಹಕ್ಕಿಗೂ ನೆಲೆಯಾಗಿತ್ತು. 1974ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಸುಮಾರು 119 ಚದರ ಕಿಲೋಮೀಟರ್ ಪ್ರದೇಶದ ಬಹುಭಾಗವನ್ನು ನೀಲಗಿರಿಯ ನೆಡುತೋಪು ಆವರಿಸಿಕೊಂಡಿತು. ಬಯಲಿಗೆ ಹಸಿರು ಹೊದಿಸುವ ಉದ್ದೇಶದಲ್ಲಿ ಕೆಡುಕಿರಲಿಲ್ಲ. ಆದರೆ ಅತ್ಯಂತಾಭಾವಕ್ಕೆ ಹತ್ತಿರವಾದುದನ್ನು ಪ್ರಧ್ವಂಸಾಭಾವವೆಂದು ಬಗೆದದ್ದರಿಂದ, ಇಲ್ಲದ ರೋಗಕ್ಕೆ ಕೊಟ್ಟ ಮದ್ದೇ ರೋಗವಾಯಿತು. ‘ಬಂಜರು’, ‘ಬೀಳು’ ಎಂಬ ಕಂದಾಯದ ಮಾತುಗಳು ಈ ಭ್ರಮೆಗೆ ಮುದ್ರೆಯೊತ್ತಿದವು. ಪ್ರಭಾಕರನ ‘ಬರಿಯ ನೆಲ’ ದರ್ಶನದ ಚರ್ಚೆಯಲ್ಲಿ ಒಂದು ಗಂಭೀರ ಪಕ್ಷ. ಕಡತದಲ್ಲಿ ಅದೇ ಮಾತು ಹುಲ್ಲು, ಹಕ್ಕಿ, ಕುರಿಗಾಹಿಗಳ ದಾರಿಗಳನ್ನೆಲ್ಲ ಒಂದೇ ಗೆರೆಯಲ್ಲಿ ಅಳಿಸುವ ಸಾಧನವಾಯಿತು. ಮಾದರಿಯನ್ನು ಕಟ್ಟದೆ ಗಿಡ ನೆಡಬಾರದೆಂಬ ಮಾನದಂಡದ ನಿಯಮಕ್ಕೆ ಇದಕ್ಕಿಂತ ಬಲವಾದ ಸಮರ್ಥನೆ ಬೇಕಿಲ್ಲ.

ಆದರೆ ಮೂರು ಕಾಲದಲ್ಲಿಯೂ ಇಲ್ಲ ಎಂಬ ಮಾತನ್ನು ಯಾವ ಸಸ್ಯಸಮುದಾಯದ ಬಗೆಗೂ ಪೂರ್ಣ ಅರ್ಥದಲ್ಲಿ ಆಡಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಹೋದ್ಯೋಗಿಗಳು ನೀಲಗಿರಿ ಬೆಟ್ಟಗಳ ಜೌಗಿನಲ್ಲಿ ಪದರಪದರವಾಗಿ ಕುಳಿತ ಸಸ್ಯಾವಶೇಷದ ಮಣ್ಣನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನವು, ಸುಮಾರು ಇಪ್ಪತ್ತು ಸಾವಿರ ವರ್ಷಗಳ ಅವಧಿಯಲ್ಲಿ ಹವೆ ಒಣಗಿದಾಗ ಹುಲ್ಲು ಹಬ್ಬಿ, ತೇವ ಹೆಚ್ಚಿದಾಗ ಮರ ಹಬ್ಬಿ, ಶೋಲಾ ಎಂಬ ಬೆಟ್ಟದ ಕಾಡೂ ಹುಲ್ಲುಗಾವಲೂ ಒಂದರ ಜಾಗವನ್ನು ಇನ್ನೊಂದು ಹಿಡಿಯುತ್ತ ಬಿಡುತ್ತ ಬಂದುದನ್ನು ತೋರಿಸಿತು. ಮನುಷ್ಯನ ಕೊಡಲಿಯಿಂದಲೇ ಹುಲ್ಲುಗಾವಲು ಹುಟ್ಟಿತೆಂಬ ಊಹೆ ಇದರಿಂದ ಸಡಿಲವಾಯಿತು. ಜೊತೆಗೇ ಕಾಡಿಗೆ ಒಂದು ಮೂಲರೂಪವಿದೆ ಎಂಬ ನಂಬಿಕೆಯೂ ಸಡಿಲವಾಯಿತು. ಕಾರವಾರದ ಆಚೆಗಿನ ಕಡಲತಳದ ಕೆಸರಿನಲ್ಲಿ ಸಿಕ್ಕ ಪರಾಗವೂ ಇದೇ ಮಾತನ್ನು ಹೇಳುತ್ತದೆ: ಸುಮಾರು 3500 ವರ್ಷಗಳ ಹಿಂದೆ ಆ ಕರಾವಳಿಯ ಹವೆ ಒಣಗತೊಡಗಿ, ತೇವದ ಕಾಡು ಕುಗ್ಗಿ ಬಯಲುಸಸ್ಯಗಳು ಹೆಚ್ಚಿದವು. ಹಾಗಿದ್ದ ಮೇಲೆ ಯಾವ ವರ್ಷದ ಕಾಡನ್ನು ಮಾದರಿಯೆಂದು ಹಿಡಿಯಬೇಕು?

ಮಾನದಂಡಗಳು ಈ ಪ್ರಶ್ನೆಗೆ ಕೊಡುವ ಉತ್ತರ ಅಚ್ಚರಿ ಹುಟ್ಟಿಸುವಷ್ಟು ದಾರ್ಶನಿಕವಾದುದು. ಯಾವ ವರ್ಷವನ್ನೂ ಹಿಡಿಯಬೇಡಿ, ಕೇಡು ತಟ್ಟದೆ ಇದ್ದಿದ್ದರೆ ಇಂದಿನ ಹವೆಯಲ್ಲಿ ಈ ತಾಣ ಹೇಗಿರುತ್ತಿತ್ತು ಎಂದು ಕೇಳಿ ಎನ್ನುತ್ತವೆ ಅವು. ನ್ಯಾಯಶಾಸ್ತ್ರದಲ್ಲಿ ಇಂಥ ವಿಚಾರಕ್ಕೆ ತರ್ಕವೆಂಬ ಪಾರಿಭಾಷಿಕ ಹೆಸರಿದೆ. ಬೆಂಕಿ ಇಲ್ಲದಿದ್ದರೆ ಹೊಗೆಯೂ ಇರುತ್ತಿರಲಿಲ್ಲ ಎಂಬ ಬಗೆಯ, ಇಲ್ಲದ ಸ್ಥಿತಿಯನ್ನು ಆರೋಪಿಸಿಕೊಂಡು ನಡೆಸುವ ಚಿಂತನೆ ಅದು. ತರ್ಕವು ಸ್ವತಃ ಪ್ರಮಾಣವಲ್ಲ, ಪ್ರಮಾಣಕ್ಕೆ ಅನುಗ್ರಾಹಕ ಮಾತ್ರ, ಅಂದರೆ ನಿಜವಾದ ಅರಿವಿಗೆ ದಾರಿ ತೆರವು ಮಾಡುವ ಸಹಾಯಕ ಎಂದು ನೈಯಾಯಿಕರು ಎಚ್ಚರಿಸಿದ್ದಾರೆ. ಮಾದರಿ ಪರಿಸರವ್ಯವಸ್ಥೆಯ ಸ್ಥಾನವೂ ಇಷ್ಟೇ, ಇದಕ್ಕಿಂತ ಮೇಲಲ್ಲ. ಅದು ಕಂಡ ಕಾಡಲ್ಲ, ಕಂಡ ಕಾಡುಗಳನ್ನು ಆಧರಿಸಿ ತರ್ಕಿಸಿದ ಕಾಡು. ಹೊಸ ಸಾಕ್ಷ್ಯ ಬಂದಂತೆಲ್ಲ ತಿದ್ದಿಕೊಳ್ಳಬೇಕಾದದ್ದು. ಅದನ್ನು ಶಾಸನವೆಂದು ಹಿಡಿದವರು ಹಾಳೆಯ ಮೇಲಿನ ಜಾತಿಪಟ್ಟಿಯನ್ನು ನೆಲದ ಮೇಲೆ ನಕಲು ಮಾಡುತ್ತಾರೆ. ಅದನ್ನು ಬರಿಯ ಊಹೆಯೆಂದು ತಳ್ಳಿದವರು ತಮಗೆ ಬೇಕಾದ ಮರ ನೆಡುತ್ತಾರೆ.

ಪ್ರಧ್ವಂಸಾಭಾವದ ಲಕ್ಷಣದಲ್ಲಿ ಇನ್ನೂ ಕಠಿಣವಾದ ಮಾತೊಂದಿದೆ. ಅದಕ್ಕೆ ಆದಿಯುಂಟು, ಅಂತ್ಯವಿಲ್ಲ. ಒಡೆದ ಗಡಿಗೆಯ ಇಲ್ಲದಿರುವಿಕೆ ಒಡೆದ ಗಳಿಗೆಯಿಂದ ಮೊದಲಾಗಿ ಎಂದೆಂದಿಗೂ ಮುಂದುವರಿಯುತ್ತದೆ. ಅದೇ ಮಣ್ಣಿನಿಂದ ಅದೇ ಕುಂಬಾರ ಅದೇ ಅಳತೆಯ ಗಡಿಗೆ ಮಾಡಿದರೂ ಅದು ಬೇರೆ ಗಡಿಗೆಯೇ. ಆಸ್ಟ್ರೇಲಿಯದ ತತ್ತ್ವಶಾಸ್ತ್ರಜ್ಞ ರಾಬರ್ಟ್ ಎಲಿಯಟ್ 1982ರಲ್ಲಿ ಬರೆದ ಪ್ರಬಂಧದಲ್ಲಿ ಎತ್ತಿದ ಆಕ್ಷೇಪದ ತಿರುಳೂ ಇದೇ. ಗಣಿಗಾರಿಕೆ ಮುಗಿದ ಮೇಲೆ ಎಲ್ಲವನ್ನೂ ಮೊದಲಿನಂತೆ ಮಾಡಿಕೊಡುತ್ತೇವೆ ಎಂಬ ಭರವಸೆಯನ್ನು ಕಾಡು ಕಡಿಯುವುದಕ್ಕೆ ಪರವಾನಗಿಯಾಗಿ ಬಳಸುವವರಿಗೆ ಉತ್ತರವಾಗಿ ಅವರು, ಹೀಗೆ ಮಾಡಿದ ನಿಸರ್ಗವು ಮೂಲ ಚಿತ್ರದ ಖೋಟಾ ಪ್ರತಿಯಿದ್ದಂತೆ, ಕಣ್ಣಿಗೆ ಭೇದ ತಿಳಿಯದಿದ್ದರೂ ಹುಟ್ಟಿನ ಕಥೆ ಬೇರೆಯಾದ್ದರಿಂದ ಬೆಲೆಯೂ ಬೇರೆ ಎಂದು ವಾದಿಸಿದರು. ಅಮೆರಿಕದ ಎರಿಕ್ ಕಾಟ್ಸ್ 1992ರಲ್ಲಿ ಇನ್ನೂ ಮುಂದೆ ಹೋಗಿ, ಮನುಷ್ಯನ ಸಂಕಲ್ಪದಿಂದ ಹುಟ್ಟಿದ ಕಾಡು ಕಾಡೇ ಅಲ್ಲ, ಅದೊಂದು ಕೃತಕ ವಸ್ತು ಎಂದರು.

ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಬಿಟ್ಟುಕೊಡಬಾರದು. ಕಡಿದ ಕಾನು ಹೋಯಿತು; ಯಾವ ನಕ್ಷತ್ರಾಂಕವೂ ಅದನ್ನು ಮರಳಿಸದು; ಮುಂದೆ ನೆಟ್ಟುಕೊಡುವ ಭರವಸೆಯು ಇಂದಿನ ಕೊಡಲಿಗೆ ಹಿಡಿಯಾಗಬಾರದು. ಉಳಿದ ಅರ್ಧಕ್ಕೆ ಉತ್ತರ ನ್ಯಾಯದಲ್ಲಿಯೇ ಇದೆ. ನೀವು ಕುಡಿದ ಕಷಾಯವನ್ನೇ ನಾನೂ ಕುಡಿದೆ ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದಾಗ ಆ ಮಾತು ಸುಳ್ಳಲ್ಲ, ಏಕೆಂದರೆ ಅಲ್ಲಿ ‘ಅದೇ’ ಎಂಬುದು ವ್ಯಕ್ತಿಯನ್ನಲ್ಲ ಜಾತಿಯನ್ನು, ಆ ಒಂದು ಬಟ್ಟಲನ್ನಲ್ಲ ಆ ಬಗೆಯನ್ನು, ಹೇಳುತ್ತದೆ. ಪುನಃಸ್ಥಾಪನೆಯು ಹಳೆಯ ಕಾಡಿನ ಪ್ರಧ್ವಂಸಾಭಾವವನ್ನು ಕೊನೆಗಾಣಿಸುವ ಕ್ರಿಯೆಯಲ್ಲ. ಹೊಸ ಕಾಡೊಂದರ ಪ್ರಾಗಭಾವವನ್ನು ಕೊನೆಗಾಣಿಸುವ ಕ್ರಿಯೆ. ಪ್ರಾಗಭಾವಕ್ಕೆ ಮಾತ್ರವೇ ಅಂತ್ಯವುಂಟು, ಹುಟ್ಟುವ ವಸ್ತುವಿಗೆ ಅದೂ ಒಂದು ಕಾರಣವೆಂದು ನೈಯಾಯಿಕರು ಎಣಿಸುತ್ತಾರೆ. ಕಾಟ್ಸ್ ಹೇಳಿದ ಕೃತಕತೆಯೂ ಇಲ್ಲಿ ಸಡಿಲಗೊಳ್ಳುತ್ತದೆ. ತೋಟಗಾರ ತನ್ನ ಸಂಕಲ್ಪವನ್ನು ನೆಲದ ಮೇಲೆ ಮೂಡಿಸುತ್ತಾನೆ. ಮಾದರಿಗೆ ಕಟ್ಟುಬಿದ್ದವನು ತನ್ನ ಸಂಕಲ್ಪವನ್ನು ನೆಲದ ಸ್ವಭಾವಕ್ಕೆ ಒಪ್ಪಿಸುತ್ತಾನೆ, ಮೊಳಕೆಯೊಡೆಯುವ ಕೆಲಸವನ್ನಂತೂ ಅವನು ಮಾಡುವುದೇ ಇಲ್ಲ.

ಈ ಒಪ್ಪಿಸುವಿಕೆ ಎಷ್ಟು ಕಷ್ಟದ್ದೆಂಬುದು ಕತ್ತಲೆಕಾನಿನಲ್ಲಿ ಕಾಣುತ್ತದೆ. ಊರವರು ರಾಮಪತ್ರೆ ಜಡ್ಡಿ ಎಂದು ಕರೆಯುವ, ಕಾಡುಜಾಯಿಕಾಯಿಯ ಬಳಗದ ಮರಗಳು ತುಂಬಿದ ಜೌಗುಕಾಡು ಅಲ್ಲಿದೆ. ಬೆಟ್ಟದ ನಡುವಿನ ತಗ್ಗಿನಲ್ಲಿ ಹಳ್ಳವು ಹರಿಯುವುದೋ ನಿಂತಿದೆಯೋ ತಿಳಿಯದಷ್ಟು ನಿಧಾನವಾಗಿ ಕೆಸರಿನೊಳಗೆ ಸಾಗುತ್ತದೆ. ಕೆಲವು ಮರಗಳು ಕಾಂಡದಿಂದ ಊರುಗೋಲಿನಂಥ ಬೇರುಗಳನ್ನು ಇಳಿಬಿಟ್ಟು ನಿಂತಿದ್ದರೆ, ಕೆಲವು ಮಡಿಚಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದು ಮತ್ತೆ ಮುಳುಗುವ ಬೇರುಗಳಿಂದ ಉಸಿರಾಡುತ್ತವೆ. ಗೇರಿನ ಕುಟುಂಬಕ್ಕೆ ಸೇರಿದ, ಅದುವರೆಗೆ ವಿಜ್ಞಾನಕ್ಕೆ ಗೊತ್ತೇ ಇರದ ಮರವೊಂದನ್ನು ಇದೇ ಜೌಗಿನಿಂದ 2000ದಲ್ಲಿ ವರ್ಣಿಸಿ ಊರಿನ ಹೆಸರನ್ನೇ ಅದಕ್ಕಿಟ್ಟರು. ಸೆಮೆಕಾರ್ಪಸ್ ಕತಲೆಕಾನೆನ್ಸಿಸ್ ಎಂದು ಅದರ ನಾಮಧೇಯ. ಈ ಬಗೆಯ ತಗ್ಗುಗಳಲ್ಲಿ ಬಹಳಷ್ಟು ಹಿಂದೆಯೇ ಅಡಿಕೆ ತೋಟವಾಗಿವೆ, ಗದ್ದೆಯಾಗಿವೆ. ಉಳಿದವುಗಳ ಅಂಚಿನಲ್ಲಿ ಮತ್ತೆ ಜಡ್ಡಿ ಎಬ್ಬಿಸಬೇಕೆಂದರೆ ಬೀಜವೇ ಮೊದಲ ತೊಡಕು. ಕೆಂಪು ಪತ್ರೆ ಸುತ್ತಿದ ಆ ಬೀಜ ಭತ್ತದ ಹಾಗೆ ಒಣಗಿಸಿ ಕಣಜದಲ್ಲಿ ಕಾಪಿಡುವಂಥದಲ್ಲ. ತೇವ ಆರಿದರೆ ಅದರ ಜೀವವೇ ಆರುತ್ತದೆ. ಸಸಿಗೆ ನೆರಳು ಬೇಕು, ಬುಡ ತಣ್ಣಗಿರಬೇಕು. ಮೇಲಿನ ಇಳಿಜಾರಿನ ನೀರು ಮತ್ತೆ ತಗ್ಗಿಗೆ ಇಂಗುವಂತಾಗದೆ, ಮೇಲೆ ಕತ್ತಲು ಕವಿಯದೆ, ಎಷ್ಟು ಸಾವಿರ ಸಸಿ ನೆಟ್ಟರೂ ಬೇಸಿಗೆ ದಾಟುವುದಿಲ್ಲ. ಮಾನದಂಡವು ಭೌತಿಕ ಸ್ಥಿತಿಯನ್ನು ಜಾತಿಕೂಟಕ್ಕಿಂತ ಮೊದಲು ಇಟ್ಟಿರುವುದರ ಅರ್ಥ ಇಲ್ಲಿ ಕಾಲಿಗೆ ಅಂಟುವ ಕೆಸರಿನಷ್ಟು ಸ್ಪಷ್ಟ.

ಮಾದರಿಯನ್ನು ಕಟ್ಟುವುದು ಯಾವ ಪ್ರಮಾಣಗಳಿಂದ? ಉಪಮಾನವೆಂಬ ಪ್ರಮಾಣಕ್ಕೆ ಶಾಸ್ತ್ರಕಾರರು ಕೊಡುವ ಉದಾಹರಣೆ ಕಾಡಿನದೇ ಆಗಿರುವುದು ಆಕಸ್ಮಿಕವಿರಬಹುದು, ಆದರೆ ಇಲ್ಲಿ ಬಹಳ ಹೊಂದುತ್ತದೆ. ಗವಯವೆಂಬ ಪ್ರಾಣಿ ಹಸುವಿನ ಹಾಗಿರುತ್ತದೆ ಎಂದು ಕಾಡಿನವನೊಬ್ಬ ನಾಡಿನವನಿಗೆ ಹೇಳುತ್ತಾನೆ. ಮುಂದೊಮ್ಮೆ ಕಾಡಿಗೆ ಹೋದ ನಾಡಿನವನು ಆ ಪ್ರಾಣಿಯನ್ನು ಕಂಡು ಇದೇ ಗವಯವೆಂದು ಗುರುತಿಸುತ್ತಾನೆ. ಉಳಿದ ಕಾನನ್ನು ನೋಡಿ ಅಳಿದ ಕಾನನ್ನು ಗುರುತಿಸುವುದೂ ಇದೇ ಬಗೆಯದು, ಮತ್ತು ಅಲ್ಲಿಯೂ ಕಾಡಿನವನ ಮಾತಿಲ್ಲದೆ ಕೆಲಸ ನಡೆಯದು. ಶಬ್ದಪ್ರಮಾಣದ, ಅಂದರೆ ನಂಬತಕ್ಕವರ ಮಾತಿನ, ಸ್ಥಾನದಲ್ಲಿ ದಾಖಲೆಗಳೂ ಇವೆ. ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಸಲ್ಲಿಸಿದ ವರದಿಯು ಸೊರಬ ತಾಲ್ಲೂಕೊಂದರಲ್ಲಿಯೇ 171 ಕಾನುಗಳನ್ನು, ಸುಮಾರು 13,000 ಹೆಕ್ಟೇರುಗಳಷ್ಟು ಜಾಗದಲ್ಲಿ, ಗುರುತಿಸಿತ್ತು. ಎಲೆಯುದುರುವ ಕಾಡು, ಬೇಸಾಯದ ನೆಲಗಳ ನಡುವೆ ನಿತ್ಯಹಸಿರಿನ ದ್ವೀಪಗಳಂತೆ ನಿಂತಿದ್ದ ಇವು ಮುಟ್ಟದ ಕಾಡುಗಳಾಗಿರಲಿಲ್ಲ. ಜನ ಅಲ್ಲಿ ಕಾಳುಮೆಣಸು ಕೊಯ್ಯುತ್ತಿದ್ದರು, ಬೈನೆ ಮರದಿಂದ ಹೆಂಡ ಇಳಿಸುತ್ತಿದ್ದರು, ದೇವರಿಗೆ ಹರಕೆ ಸಲ್ಲಿಸುತ್ತಿದ್ದರು. ಮನುಷ್ಯನ ಕೈ ಸೋಂಕದ ಕಾಡು ಮಾತ್ರ ಮಾದರಿಯಾಗಬಲ್ಲದೆಂದರೆ ಕನ್ನಡ ನಾಡಿನಲ್ಲಿ ಮಾದರಿಯೇ ಸಿಗದು. ದೇಶೀಯತೆಯ ಮಾತೂ ಹಾಗೆಯೇ. ಮಲೆನಾಡಿನ ಇಳಿಜಾರುಗಳಲ್ಲಿ ಸಾಲುಸಾಲಾಗಿ ನೆಟ್ಟ ಅಕೇಶಿಯಾ ಉತ್ತರ ಆಸ್ಟ್ರೇಲಿಯದ ಕಡೆಯ ಮರ. ಅಲ್ಲಿ ಅದು ಮಾದರಿಯ ಅಂಗವಾಗಬಲ್ಲದು, ಇಲ್ಲಿ ಕೇಡಿನ ಕಾರಣಗಳ ಪಟ್ಟಿಗೆ ಸೇರಬಹುದು. ದೇಶೀಯತೆ ಮರದ ಗುಣವಲ್ಲ, ಮರಕ್ಕೂ ನೆಲಕ್ಕೂ ಇರುವ ಸಂಬಂಧ.

ಕಾನುಗಳನ್ನು ಉಳಿಸಿದ ಬಲ ಯಾವುದು ಎಂಬಲ್ಲಿ ಪ್ರಶ್ನೆ ಧರ್ಮದ ಕಡೆಗೆ ಹೊರಳುತ್ತದೆ. 1801ರಲ್ಲಿ ಕಾರವಾರದ ಸುತ್ತ ಸಂಚರಿಸಿದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್, ಅಲ್ಲಿನ ಕಾಡುಗಳು ಊರದೇವರ ಸ್ವತ್ತೆಂದೂ ಊರಗೌಡನೇ ಪೂಜಾರಿಯಾಗಿದ್ದು ಅವನ ಮೂಲಕ ದೇವರ ಅಪ್ಪಣೆ ಪಡೆಯದೆ ಮರ ಕಡಿಯಬಾರದೆಂದೂ ಬರೆದು, ಸರಕಾರ ಕಾಡಿನ ಮೇಲೆ ಹಕ್ಕು ಸಾಧಿಸದಂತೆ ತಡೆಯುವ ಉಪಾಯವಿದು ಎಂದು ಶಂಕಿಸಿದ್ದಾನೆ. ಅವನ ಶಂಕೆಯಲ್ಲಿ ರಾಜಕೀಯದ ಅರಿವಿದೆ, ಶ್ರದ್ಧೆಯ ಅರಿವಿಲ್ಲ. ಒಡೆತನವನ್ನು ಮನುಷ್ಯೇತರ ಒಬ್ಬನಿಗೆ ಒಪ್ಪಿಸಿದಾಗ ಮನುಷ್ಯನ ಇಚ್ಛೆಗೆ ಒಂದು ಎಲ್ಲೆ ಬೀಳುತ್ತದೆ; ಕರಿಕಾನಮ್ಮನ ಬೆಟ್ಟದಲ್ಲಿ ಉಳಿದ ಹೆಮ್ಮರಗಳು ಅಂಥ ಎಲ್ಲೆಯ ಒಳಗೆ ಬೆಳೆದವು. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳು ಎಣಿಕೆಗೆ ಬಂದಿವೆ. ಅಯ್ಯಪ್ಪನ ಕಾಡುಗಳಲ್ಲಿ ಹರಕೆಗೆ ಒಪ್ಪಿಸಿದ ಸುಟ್ಟಮಣ್ಣಿನ ನಾಯಿಗಳು ತರಗೆಲೆಯ ನಡುವೆ ಸಾಲಾಗಿ ಕುಳಿತಿರುತ್ತವೆ, ಪಾಚಿ ಹಿಡಿದು, ಕಿವಿ ಮುರಿದು, ಮಣ್ಣಿಗೆ ಮರಳುತ್ತ. ಬೇಟೆಯ ದೇವರಿಗೆ ನಾಯಿ, ನಾಯಿಗೆ ಕಾಡು ಎಂಬ ಈ ಕೊಂಡಿಯಲ್ಲಿ ಕಾಡಿಲ್ಲದ ದೇವರನ್ನು ಕಲ್ಪಿಸಲು ಅವಕಾಶವೇ ಇಲ್ಲ. ಬಯಲಿನಲ್ಲಿ ಕಲ್ಲಾಗಿದ್ದ ದೇವರಿಗೆ ಕಾಂಕ್ರೀಟಿನ ಗುಡಿ ಕಟ್ಟಿ, ಗುಡಿಗೆ ಅಂಗಳ, ಅಂಗಳಕ್ಕೆ ದಾರಿ ಎಂದು ಮರ ತೆಗೆಯುತ್ತ ಬಂದ ಕಡೆಗಳಲ್ಲಿ ಭಕ್ತಿ ಕುಂದಿದೆ ಎನ್ನಲಾಗದು, ಆದರೆ ಭಕ್ತಿಯ ಪ್ರತಿಯೋಗಿ ಮರೆತುಹೋಗಿದೆ. ಏನಿಲ್ಲವಾಯಿತೆಂಬುದು ಅಲ್ಲಿ ಕೈಮುಗಿದು ನಿಂತವರಿಗೇ ತಿಳಿಯದಾಗಿದೆ.

ಆದರೂ ದೇವರಕಾಡನ್ನು ಹಾಗೆಹಾಗೆಯೇ ಮಾದರಿಯೆಂದು ಹಿಡಿಯುವುದು ಅಪಾಯವೇ. ಹಲವು ಕಡೆ ಅದು ಕಾಫಿ ತೋಟಗಳ ನಡುವೆ ಸಿಕ್ಕಿಕೊಂಡ ಕೆಲವೇ ಎಕರೆಗಳ ತುಣುಕು. ದೊಡ್ಡ ಪ್ರಾಣಿಗಳು ಅಲ್ಲಿ ನಿಲ್ಲವು, ಅಂಚಿನಿಂದ ಗಾಳಿ-ಬೆಳಕು ನುಗ್ಗಿ ಒಳಗಿನ ಕತ್ತಲು ಸವೆಯುತ್ತಿರುತ್ತದೆ. ಒಂದೇ ತಾಣವನ್ನು ನಂಬದೆ ಹಲವನ್ನು ಕೂಡಿಸಿ ಮಾದರಿ ಕಟ್ಟಬೇಕೆಂಬ ಮಾನದಂಡದ ಮಾತು ಇಂಥ ಕಡೆ ಶ್ರದ್ಧೆಗೂ ಸಲ್ಲುವ ತಿದ್ದುಪಡಿ. ಆರನೆಯ ಲಕ್ಷಣವಾದ ಹೊರಗಿನ ಕೊಡುಕೊಳ್ಳುವಿಕೆಯಂತೂ ಬೇಲಿಯೊಳಗೆ ಸಾಧ್ಯವೇ ಆಗುವುದಿಲ್ಲ. ರಾಮಪತ್ರೆಯ ಬೀಜವನ್ನು ಕೆಂಪು ಪತ್ರೆಯ ಆಸೆಗೆ ನುಂಗಿ ದೂರ ಒಯ್ದು ಉಗುಳುವುದು ಮಂಗಟ್ಟೆ ಹಕ್ಕಿ. ಅದಕ್ಕೆ ಒಂದು ಜಡ್ಡಿ ಸಾಲದು, ಜಡ್ಡಿಯಿಂದ ಜಡ್ಡಿಗೆ ಹಾರುವಷ್ಟು ಕಾಡು ಬೇಕು, ಗೂಡಿಗೆ ಪೊಟರೆಯಿರುವ ಮುದಿಮರ ಬೇಕು, ಅಂಥ ಮರವಾಗಲು ಇಂದು ನೆಟ್ಟ ಸಸಿಗೆ ನೆಟ್ಟವರ ಆಯುಷ್ಯ ಸಾಲದು. ಅಲ್ಲಿಯವರೆಗೆ ಲೆಕ್ಕದ ಹಾಳೆಯಲ್ಲಿ ಆ ಲಕ್ಷಣದ ಅಂಕಣಕ್ಕೆ ನಕ್ಷತ್ರ ಬೀಳಬಾರದು. ಸಸಿ ಎಷ್ಟು ಉಳಿದವು, ಹಳ್ಳದಲ್ಲಿ ಬೇಸಿಗೆಗೆ ನೀರು ಎಲ್ಲಿಯವರೆಗೆ ನಿಂತಿತು ಎಂದು ಉಳಿದ ಅಂಕಣಗಳು ವರ್ಷವರ್ಷವೂ ತುಂಬುತ್ತ ಹೋಗುವಾಗ, ಮಂಗಟ್ಟೆ ಹಕ್ಕಿಯ ಎದುರಿಗೆ ‘ಇಲ್ಲ’ ಎಂದು ತಾರೀಖು ಸಮೇತ ಬರೆದು, ಮುಂದಿನ ವರ್ಷ ಅದೇ ಮರದ ಕೆಳಗೆ ನಿಂತು ಮತ್ತೆ ಕಿವಿಗೊಡಬೇಕು.